ಕೇಳುವವರಿದ್ದರೆ ಆನ್‌ಲೈನ್ ಪಾಠವೂ ನಡೆಯುತ್ತದೆ

ಧಾರವಾಡದ ಸಪ್ತಾಪುರದಲ್ಲಿ ಓಣಿಗೊಂದು ರೀಡಿಂಗ್ ರೂಮ್ ಸಿಗುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಪರೀಕ್ಷೆಗೆ ಓದುವವರು ತಿಂಗಳಿಗಿಷ್ಟು ದುಡ್ಡು ಕಟ್ಟಿ ಅಲ್ಲಿ ಒಂದು ಕುರ್ಚಿ ಹಿಡಿಯುತ್ತಾರೆ. ಒಳಗೆ ಇಣುಕಿದರೆ ಎಷ್ಟೋ ಮಂದಿಯ ಮುಂದೆ ಪುಸ್ತಕ ತೆರೆದಿರುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್, ನೀರಿನ ಬಾಟಲಿಗೆ ಒರಗಿಸಿಟ್ಟ ಮೊಬೈಲು, ಅದರಲ್ಲಿ ಓಡುತ್ತಿರುವ ಕ್ಲಾಸು. ಇದೇ ಕ್ಲಾಸು ರೋಣದ ಮನೆಯ ಕಟ್ಟೆಯ ಮೇಲೆ ಕುಳಿತರೂ ಸಿಗುತ್ತದೆ, ಹಿರೇಕೆರೂರಿನ ಹೊಲದ ಬದುವಿನ ಮೇಲೆ ಕುಳಿತರೂ ಸಿಗುತ್ತದೆ. ಹಾಗಿದ್ದ ಮೇಲೆ ಊರು ಬಿಟ್ಟು, ರೂಮಿಗೆ ಬಾಡಿಗೆ ಕಟ್ಟಿ, ಖಾನಾವಳಿಯಲ್ಲಿ ಉಂಡು, ಮೇಲೆ ಕುರ್ಚಿಗೂ ದುಡ್ಡು ಕೊಟ್ಟು ಮೊಬೈಲ್ ನೋಡುವುದು ಯಾಕೆ?

ಗದಗ ಕಡೆಯ ಒಬ್ಬ ಹುಡುಗನನ್ನು ಇದನ್ನೇ ಕೇಳಿದ್ದೆ. “ಮನ್ಯಾಗ ಕುಂತ್ರ ಆಗಂಗಿಲ್ರಿ. ಇಲ್ಲಿ ಬಾಜೂದಾಂವ ಓದಾಕತ್ತಿರ್ತಾನ. ಅವ ಏಳೂತನಾ ನಾವೂ ಏಳಂಗಿಲ್ಲ” ಅಂದ.

ಈಗ ಇದೇ ವಯಸ್ಸಿನ ಹುಡುಗರು ಓದುವ ಪದವಿ ಕಾಲೇಜಿಗೆ ಬನ್ನಿ. ಅಲ್ಲಿಯೂ ಆನ್‌ಲೈನ್ ಪಾಠ ಇದೆ. ಪಾಠ, ನೋಟ್ಸ್ ಇಡುವ ಎಲ್‌ಎಂಎಸ್ ಎಂಬ ಜಾಲತಾಣ ಇದೆ, ಲಾಗಿನ್ ಕೊಟ್ಟಿದ್ದಾರೆ, ವಿಡಿಯೋ ಹಾಕಿದ್ದಾರೆ. ಆದರೆ ಎರಡನೇ ತಿಂಗಳಿಗೆ ಪಾಸ್‌ವರ್ಡ್ ಮರೆತುಹೋಗಿರುತ್ತದೆ. ಅದೇ ಮೊಬೈಲು, ಅದೇ ಡೇಟಾ ಪ್ಯಾಕು, ಅದೇ ಹುಡುಗರು. ಒಂದು ಕಡೆ ಗಂಟೆಗಟ್ಟಲೆ ಕೂರುತ್ತಾರೆ, ಇನ್ನೊಂದು ಕಡೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಾರೆ. ಇದಕ್ಕೆ ಕಾರಣ ಏನು ಅಂತ ಹುಡುಕಿದರೆ ಆ್ಯಪ್ ಚೆನ್ನಾಗಿದೆಯೋ ಇಲ್ಲವೋ ಎನ್ನುವಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ನನಗೆ ಅದು ಸಾಲದು ಅನ್ನಿಸುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಂದ ಆನ್‌ಲೈನ್ ಪಾಠ, ಕಾಲೇಜು ತೆರೆದ ಮೇಲೆ ಹೋಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೋದದ್ದು ಜೂಮ್ ಕ್ಲಾಸು ಮಾತ್ರ. ಉಳಿದದ್ದು ಬೇಕಾದಷ್ಟಿದೆ. ಪ್ರತಿ ತರಗತಿಗೂ ಒಂದು ವಾಟ್ಸ್‌ಆ್ಯಪ್ ಗುಂಪಿದೆ. ಸಿಆರ್, ಅಂದರೆ ತರಗತಿಯ ಪ್ರತಿನಿಧಿ ಹುಡುಗಿ, ನೋಟ್ಸ್‌ನ ಪಿಡಿಎಫ್ ಹಾಕುತ್ತಾಳೆ. ಪರೀಕ್ಷೆಯ ಹಿಂದಿನ ರಾತ್ರಿ ಯಾರೋ ಒಂದು ಯೂಟ್ಯೂಬ್ ಲಿಂಕ್ ಕಳಿಸುತ್ತಾರೆ, ಇಡೀ ತರಗತಿ ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಸೀಟಿನ ಮೊಬೈಲ್ ಸುಮ್ನೆ ಗಮನಿಸಿ. ರೀಲ್ಸ್ ನಡುವೆ ಒಂದಿಲ್ಲೊಂದು ಪಾಠ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂದರೆ ವಿದ್ಯಾರ್ಥಿಗಳು ಆನ್‌ಲೈನ್ ಕಲಿಕೆ ಬಿಟ್ಟಿಲ್ಲ. ನಾವು ಕೊಟ್ಟದ್ದನ್ನು ಬಿಟ್ಟು ತಮಗೆ ಬೇಕಾದದ್ದನ್ನು ಹಿಡಿದಿದ್ದಾರೆ.

ಜನ ಒಂದು ತಂತ್ರಜ್ಞಾನವನ್ನು ಯಾಕೆ ಹಿಡಿಯುತ್ತಾರೆ, ಯಾಕೆ ಮುಂದುವರಿಸುತ್ತಾರೆ ಎನ್ನುವುದರ ಬಗ್ಗೆ ಎರಡು ಹಳೆಯ ವಿವರಣೆಗಳಿವೆ. 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕ ಹೇಳಿದ್ದು ಸರಳ. ಇದರಿಂದ ನನಗೆ ಉಪಯೋಗ ಇದೆ, ಇದನ್ನು ಬಳಸುವುದು ಕಷ್ಟವಲ್ಲ ಎಂದು ಅನ್ನಿಸಿದರೆ ಜನ ಬಳಸುತ್ತಾರೆ. 2001ರಲ್ಲಿ ಅನೋಲ್ ಭಟ್ಟಾಚಾರ್ಜಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಶುರು ಮಾಡುವುದೇ ಬೇರೆ, ಮುಂದುವರಿಸುವುದೇ ಬೇರೆ ಅಂದರು. ಮುಂದುವರಿಸುವುದು ಅವಲಂಬಿಸಿರುವುದು ಮೊದಲಿನ ನಿರೀಕ್ಷೆ ಎಷ್ಟು ನಿಜವಾಯಿತು, ಅದರಿಂದ ಎಷ್ಟು ತೃಪ್ತಿಯಾಯಿತು ಎಂಬುದರ ಮೇಲೆ.

ನಮ್ಮ ಕಡೆಯ ಖಾನಾವಳಿ ನೆನೆಸಿಕೊಂಡರೆ ಇದು ತಟ್ಟನೆ ತಿಳಿಯುತ್ತದೆ. ಮೊದಲ ಸಲ ಹೋಗುವುದು ಯಾರೋ ಹೇಳಿದರು ಅಂತ. ಎರಡನೇ ಸಲ ಹೋಗುವುದು ರೊಟ್ಟಿ ಬಿಸಿ ಇತ್ತು, ಎಣಗಾಯಿ ಪಲ್ಯೆ ರುಚಿ ಇತ್ತು ಅಂತ. ಹೇಳಿದವರು ಅತಿಯಾಗಿ ಹೊಗಳಿ ಕಳಿಸಿದ್ದರೆ ಸಾಧಾರಣ ಊಟವೂ ಕೆಟ್ಟದ್ದು ಅನ್ನಿಸುತ್ತದೆ. ‘ಐಐಟಿ ಪ್ರೊಫೆಸರ್ ನಿಮ್ಮ ಮನೆಗೇ ಬರುತ್ತಾರೆ’ ಎಂದು ಹೇಳಿ ಒಂದು ಗಂಟೆಯ ಇಂಗ್ಲಿಷ್ ವಿಡಿಯೋ ಮುಂದಿಟ್ಟರೆ ಹುಡುಗರಿಗೆ ಆಗುವುದೂ ಇದೇ.

ಆದರೆ ಈ ವಿವರಣೆಯಲ್ಲಿ ಒಂದು ತೊಡಕಿದೆ. ಭಟ್ಟಾಚಾರ್ಜಿ ತಮ್ಮ ಮಾದರಿಯನ್ನು ಪರೀಕ್ಷಿಸಿದ್ದು ಆನ್‌ಲೈನ್ ಬ್ಯಾಂಕಿಂಗ್ ಬಳಸುವ ಗ್ರಾಹಕರ ಮೇಲೆ. ಬ್ಯಾಂಕಿನ ಗ್ರಾಹಕ ತಾನೇ ಆರಿಸಿಕೊಂಡು ಬಂದವನು. ನಮ್ಮ ವಿದ್ಯಾರ್ಥಿ ಹಾಗಲ್ಲ. ಕಾಲೇಜಿನ ಎಲ್‌ಎಂಎಸ್ ಖಾನಾವಳಿ ಅಲ್ಲ, ಹಾಸ್ಟೆಲ್ ಮೆಸ್. ಬಡಿಸಿದ್ದನ್ನು ತಿನ್ನಬೇಕು. ಮೆಸ್ಸಿನ ಊಟದ ಬಗ್ಗೆ ಹುಡುಗರನ್ನು ಕೇಳಿದರೆ ತೃಪ್ತಿ ಅತೃಪ್ತಿ ಎರಡೂ ಹೇಳುತ್ತಾರೆ. ಆದರೆ ಅವರು ದಿನಾ ಅಲ್ಲಿಗೆ ಹೋಗುವುದು ಆ ಕಾರಣಕ್ಕಲ್ಲ.

ಇನ್ನೊಂದು ಮಾತು. ಈ ವಿಷಯದ ಸಮೀಕ್ಷೆಗಳಲ್ಲಿ ಬಹಳಷ್ಟು ಒಂದು ಫಾರ್ಮ್ ಕೊಟ್ಟು ‘ಮುಂದೆಯೂ ಆನ್‌ಲೈನ್ ಕಲಿಕೆ ಮುಂದುವರಿಸುತ್ತೀರಾ?’ ಅಂತ ಕೇಳುತ್ತವೆ. ‘ಊಟ ಆತೇನ್ರಿ?’ ಅಂದರೆ ನಮ್ಮಲ್ಲಿ ಹಸಿದವನೂ ‘ಆತ್ರಿ’ ಅನ್ನುತ್ತಾನೆ. ಫಾರ್ಮ್ ಕೊಟ್ಟವರು ತಮ್ಮ ಮೇಷ್ಟ್ರೇ ಆಗಿದ್ದರಂತೂ ಹೇಳುವುದೇ ಬೇಡ. ಹೇಳಿದ್ದಕ್ಕಿಂತ ಮಾಡಿದ್ದನ್ನು ನೋಡುವುದು ಒಳ್ಳೆಯದು.

ಮಾಡಿದ್ದರ ಲೆಕ್ಕ ಒಂದಿದೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ ನಡೆಸಿದ ಎಡೆಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸ್‌ಗಳ 2012ರಿಂದ 2018ರವರೆಗಿನ ದಾಖಲೆಗಳನ್ನು ಜಸ್ಟಿನ್ ರೈಕ್ ಮತ್ತು ಹೋಸೆ ರೂಯಿಪೆರೆಸ್ ವಲಿಯೆಂತೆ ಪರಿಶೀಲಿಸಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಅಂದರೆ ಶೇ. 52ರಷ್ಟು, ಕೋರ್ಸಿನ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. 2017-18ರಲ್ಲಿ ಪೂರ್ತಿ ಮುಗಿಸಿದವರು ಸುಮಾರು ಶೇ. 3 ಮಾತ್ರ. ಆದರೆ ಪ್ರಮಾಣಪತ್ರಕ್ಕಾಗಿ ದುಡ್ಡು ಕಟ್ಟಿದವರಲ್ಲಿ ಅದೇ ವರ್ಷ ಶೇ. 46 ಜನ ಮುಗಿಸಿದ್ದರು.

ದುಡ್ಡು ಕಟ್ಟಿಸಿದರೆ ಎಲ್ಲರೂ ಮುಗಿಸುತ್ತಾರೆ ಎಂದು ಇದರಿಂದ ತೀರ್ಮಾನಿಸುವುದು ಆತುರ. ಮುಗಿಸಲೇಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡವರೇ ದುಡ್ಡು ಕಟ್ಟಿರುತ್ತಾರೆ, ಅಲ್ವಾ? ಆದರೂ ಒಂದು ಅಂಶ ನಿಲ್ಲುತ್ತದೆ. ಪುಕ್ಕಟೆಯಾಗಿ, ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಸಿಗುವ ಪಾಠವನ್ನು ಅಮೆರಿಕದ ಅತ್ಯುತ್ತಮ ಸಂಸ್ಥೆಗಳು ಕೊಟ್ಟರೂ ನೂರರಲ್ಲಿ ತೊಂಬತ್ತೇಳು ಜನ ಮುಗಿಸಲಿಲ್ಲ. ಹಾಗಾಗಿ ನಮ್ಮ ಹುಡುಗರಿಗೆ ಆಸಕ್ತಿ ಇಲ್ಲ, ಶಿಸ್ತಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಬಹುದು. ನಾನೇ ಮೂರು ಕೋರ್ಸಿಗೆ ಹೆಸರು ಬರೆಸಿ ಮೂರನ್ನೂ ಬಿಟ್ಟವನು. ಮೂರನೆಯದನ್ನು ಯಾವಾಗ ಬಿಟ್ಟೆ ಅಂತಲೂ ನೆನಪಿಲ್ಲ. ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ ಎನ್ನುವುದೇ ಅದರ ಸೌಕರ್ಯ, ಅದರ ದೋಷ ಕೂಡ.

ನಮ್ಮ ದೇಶದ್ದೇ ಏರ್ಪಾಡು ನೋಡೋಣ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠದ ಯೋಜನೆ ಶುರು ಮಾಡಿದವು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ವೇದಿಕೆ ಸ್ವಯಂ ಬಂತು, ಎನ್‌ಪಿಟೆಲ್ ಕೋರ್ಸುಗಳೂ ಅದರಲ್ಲೇ ಸಿಗುತ್ತವೆ. ಸ್ವಯಂ ಅಂದರೆ ತಾನೇ, ತಾನಾಗಿ. ತಮಾಷೆ ಅಂದರೆ, ನನಗೆ ಕಂಡ ಮಟ್ಟಿಗೆ, ಅದರಲ್ಲಿ ಕೊನೆವರೆಗೆ ಉಳಿಯುವವರು ಹೆಚ್ಚಾಗಿ ಒಬ್ಬರೇ ಇರುವವರಲ್ಲ. ಎನ್‌ಪಿಟೆಲ್ ಕೋರ್ಸು 4, 8 ಅಥವಾ 12 ವಾರ ನಡೆಯುತ್ತದೆ. ಪಾಠಕ್ಕೆ ದುಡ್ಡಿಲ್ಲ. ಪರೀಕ್ಷೆ ಬರೆಯುವುದಾದರೆ ಕೋರ್ಸಿಗೆ ಸಾವಿರ ರೂಪಾಯಿ ಶುಲ್ಕ ಇಟ್ಟಿದ್ದಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅದರ ಅರ್ಧ. ವಾರವಾರ ಅಸೈನ್‌ಮೆಂಟು. ಕೊನೆಗೆ ಪರೀಕ್ಷೆಯನ್ನು ಮನೆಯಲ್ಲಿ ಕುಳಿತಲ್ಲ, ಕೇಂದ್ರಕ್ಕೇ ಹೋಗಿ ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಎರಡರಲ್ಲೂ ಬೇರೆಬೇರೆಯಾಗಿ ಶೇ. 40 ದಾಟಿದರೆ ಪ್ರಮಾಣಪತ್ರ.

ಇದರಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. 12 ವಾರದ ಕೋರ್ಸಿನಲ್ಲಿ 12 ಅಸೈನ್‌ಮೆಂಟುಗಳ ಪೈಕಿ ಚೆನ್ನಾಗಿ ಮಾಡಿದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ನಾಲ್ಕು ವಾರ ತಪ್ಪಿದರೂ ಕೆಟ್ಟಿಲ್ಲ. ಇದು ಚೆನ್ನೈನ ಐಐಟಿಯಲ್ಲಿ ಕುಳಿತು ಮಾಡಿದ ನಿಯಮ ಇರಬಹುದು, ಆದರೆ ಗದಗ, ಹಾವೇರಿ ಕಡೆಯ ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ. ಎನ್‌ಪಿಟೆಲ್‌ನ ಎರಡು ಅವಧಿಗಳು ಜುಲೈಯಿಂದ, ಜನವರಿಯಿಂದ ಶುರುವಾಗುತ್ತವೆ. ಜುಲೈ ಅಂದರೆ ಮುಂಗಾರಿ ಕೆಲಸ, ಆಗಸ್ಟ್ ಕೊನೆಗೆ ಗದಗ ಸೀಮೆಯಲ್ಲಿ ಹೆಸರುಕಾಳು ಬಿಡಿಸುವ ಹಂಗಾಮು. ಜನವರಿ ಫೆಬ್ರವರಿ ಅಂದರೆ ಬ್ಯಾಡಗಿ ಕಡೆ ಮೆಣಸಿನಕಾಯಿ, ಗದಗ ಕಡೆ ಕಡಲೆ, ಜೋಳ. ರೈತರ ಮನೆಯ ಮಕ್ಕಳು ಹಂಗಾಮಿನಲ್ಲಿ ಹೊಲಕ್ಕೆ ಹೋಗುತ್ತಾರೆ. ಆಳು ಸಿಗದ ವಾರದಲ್ಲಿ ‘ಅಸೈನ್‌ಮೆಂಟ್ ಐತಿ’ ಅಂತ ಅಪ್ಪನಿಗೆ ಹೇಳಲು ಬಾಯಿ ಬರುವುದಿಲ್ಲ.

ಆನ್‌ಲೈನ್ ಕೋರ್ಸ್ ಬಿಡುವ ರೀತಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಯಾರೂ ‘ಇಂದಿನಿಂದ ಬಿಟ್ಟೆ’ ಅಂತ ನಿರ್ಧರಿಸಿ ಬಿಡುವುದಿಲ್ಲ. ಒಂದು ವಾರ ತಪ್ಪುತ್ತದೆ. ಮುಂದಿನ ವಾರ ಎರಡು ವಾರದ ಪಾಠ ಸೇರಿರುತ್ತದೆ. ಮೂರನೇ ವಾರ ಆ ಗುಡ್ಡ ನೋಡಿಯೇ ಆ್ಯಪ್ ತೆರೆಯುವುದಕ್ಕೆ ನಾಚಿಕೆಯಾಗುತ್ತದೆ. ತಪ್ಪಿದವನು ವಾಪಸ್ ಬರಲು ಒಂದು ಹಿತ್ತಿಲ ಬಾಗಿಲು ಇದ್ದರೆ ಬರುತ್ತಾನೆ. ಒಂದು ದಿನ ತಪ್ಪಿದರೆ ನಿನ್ನ ಸರಪಳಿ ತುಂಡಾಯಿತು ಅಂತ ಕೆಂಪು ಗುರುತು ತೋರಿಸುವ ಆ್ಯಪ್‌ಗಳು ಊರಿನ ಮಕ್ಕಳ ಕ್ಯಾಲೆಂಡರ್ ನೋಡಿಲ್ಲ.

ಹಾಗಂತ ಸಡಿಲ ಬಿಟ್ಟರೂ ಆಗುವುದಿಲ್ಲ. ‘ಯಾವಾಗ ಬೇಕಾದರೂ ನೋಡಿ’ ಎಂಬುದನ್ನು ಆನ್‌ಲೈನ್ ಕಲಿಕೆಯ ದೊಡ್ಡ ಗುಣ ಅಂತ ಮಾರುತ್ತಾರೆ. ಯಾವಾಗ ಬೇಕಾದರೂ ನೋಡಬಹುದಾದದ್ದನ್ನು ನಾಳೆ ನೋಡಿದರಾಯಿತು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯನ್ನು ನಮ್ಮ ಹಿರಿಯರು ಕೇಳುತ್ತಿದ್ದದ್ದು ಹೇಗೆ? ಆ ಹೊತ್ತಿಗೆ ರೇಡಿಯೋ ಮುಂದೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಇರುತ್ತಿದ್ದರು. ಎನ್‌ಪಿಟೆಲ್ ಅಸೈನ್‌ಮೆಂಟಿನ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ. ಹುಡುಗರಿಗೆ ಆ ಬುಧವಾರ ಚೆನ್ನಾಗಿ ನೆನಪಿರುತ್ತದೆ. ಗಡುವು ಗಟ್ಟಿ ಇರಬೇಕು, ತಪ್ಪಿದವರಿಗೆ ದಾರಿಯೂ ಇರಬೇಕು. ಈ ಎರಡನ್ನು ಜೋಡಿಸಿದ್ದರಿಂದಲೇ ಆ ನಿಯಮ ನನಗೆ ಇಷ್ಟ.

ಅಂಕಕ್ಕೆ, ಪದವಿಗೆ ಲೆಕ್ಕ ಸಿಗುತ್ತದೆಯೇ ಎನ್ನುವುದು ಮುಂದಿನ ವಿಷಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕ್ರೆಡಿಟ್‌ಗಳನ್ನು ಸ್ವಯಂ ಕೋರ್ಸ್‌ಗಳಿಂದ ಪಡೆಯಬಹುದು. ಅದಕ್ಕೆ ಮೊದಲು ಇದು ಶೇ. 20 ಇತ್ತು. ಆದರೆ ಅನುಮತಿ ಇರುವುದು ಬೇರೆ, ಕಾಲೇಜಿನಲ್ಲಿ ನಡೆಯುವುದು ಬೇರೆ. ಎಂಜಿನಿಯರಿಂಗ್‌ನಲ್ಲಿ ಇದು ನಡೆಯುತ್ತಿದೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 2022ರ ಸ್ಕೀಮ್‌ನಲ್ಲಿ ಎಂಟನೇ ಸೆಮಿಸ್ಟರ್‌ನ ಎಲೆಕ್ಟಿವ್‌ಗಳನ್ನೇ, ಅಂದರೆ ಆಯ್ಕೆಯ ವಿಷಯಗಳನ್ನೇ, ಆನ್‌ಲೈನ್ ಕೋರ್ಸ್ ಆಗಿ ಇಟ್ಟಿದೆ, ಯಾಕೆಂದರೆ ಆ ಹೊತ್ತಿಗೆ ಹುಡುಗರು ಇಂಟರ್ನ್‌ಶಿಪ್‌ಗೆ ಬೇರೆ ಊರಲ್ಲಿರುತ್ತಾರೆ. ಹಾವೇರಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ ಆನ್‌ಲೈನ್ ಕೋರ್ಸ್ ಅಂದರೆ ಪದವಿಯ ಭಾಗ. ಅದೇ ಊರಿನ ಬಿಎ ವಿದ್ಯಾರ್ಥಿನಿಯನ್ನು ಸ್ವಯಂ ಬಗ್ಗೆ ಕೇಳಿ ನೋಡಿ. ‘ಅದು ಎಂಜಿನಿಯರಿಂಗ್‌ನವರದಲ್ರಿ?’ ಅನ್ನುವ ಉತ್ತರ ಬಂದರೆ ಆಶ್ಚರ್ಯಪಡಬೇಡಿ. ಮುಂದುವರಿಸುವ ಮಾತು ಆಮೇಲೆ, ಆಕೆಗೆ ಶುರುವೇ ಆಗಿಲ್ಲ.

ಭಾಷೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ತೊಂದರೆ ಬರೀ ಇಂಗ್ಲಿಷ್‌ನದ್ದಲ್ಲ. ಎನ್‌ಪಿಟೆಲ್‌ನ ಕೆಲವು ಕೋರ್ಸ್‌ಗಳ ಪಠ್ಯವನ್ನು ಕನ್ನಡಕ್ಕೂ ತಂದಿದ್ದಾರೆ. ಓದಿದರೆ ಕೆಲವು ಕಡೆ ಇಂಗ್ಲಿಷೇ ಸುಲಭ ಅನ್ನಿಸುತ್ತದೆ. ಹುಡುಗರು ಹುಡುಕಿಕೊಂಡು ಹೋಗುವುದು ‘ಡೆರಿವೇಟಿವ್’ ಅನ್ನುವ ಶಬ್ದವನ್ನು ಹಾಗೇ ಇಟ್ಟುಕೊಂಡು, ಅದರ ಸುತ್ತಲಿನ ಮಾತನ್ನು ಕನ್ನಡದಲ್ಲಿ ಆಡುವ ಮೇಷ್ಟ್ರನ್ನು. ಯೂಟ್ಯೂಬ್‌ನಲ್ಲಿ ಅಂಥವರ ವಿಡಿಯೋ ಓಡುವುದು ಇದೇ ಕಾರಣಕ್ಕೆ. ಹಿಂದೆ ಕಪ್ಪುಹಲಗೆ, ಮುಂದೆ ಒಂದು ಟ್ಯೂಬ್‌ಲೈಟು, ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು. ನೋಡಲು ಚಂದವಿಲ್ಲ. ಆದರೆ ‘ಇಲ್ಲಿ ಎಲ್ಲಾರೂ ತಪ್ಪು ಮಾಡ್ತೀರಿ ನೋಡ್ರಿ’ ಅಂತ ಅವರು ಹೇಳಿದಾಗ ನಾವು ತಪ್ಪು ಮಾಡುವ ಜಾಗ ಅವರಿಗೆ ಗೊತ್ತಿದೆ ಎಂಬ ಧೈರ್ಯ ಬರುತ್ತದೆ.

ಫೋನು, ಡೇಟಾ, ಕರೆಂಟು, ನೆಟ್‌ವರ್ಕ್: ಇವು ಇಲ್ಲದೆ ಏನೂ ಇಲ್ಲ. 2016ರ ನಂತರ ಡೇಟಾ ಅಗ್ಗವಾಗದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದು ಅದು ಅಣ್ಣನ ಜೇಬಿನಲ್ಲಿದ್ದರೆ ತಂಗಿಯ ಕ್ಲಾಸು ರಾತ್ರಿ ಹತ್ತರ ಮೇಲೆಯೇ. ಆದರೆ ಇವೆಲ್ಲ ಬಾಗಿಲು ತೆರೆಯುತ್ತವೆ ಅಷ್ಟೆ. ಒಳಗೆ ಕೂರಿಸುವುದಿಲ್ಲ. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಬಂತು, ಟ್ಯಾಬ್ ಬಂತು, 2021ರಲ್ಲಿ ರಾಜ್ಯದ್ದೇ ಎಲ್‌ಎಂಎಸ್ ಕೂಡ ಬಂತು. ಸಾಮಾನು ಸೇರಿದ ಮಾತ್ರಕ್ಕೆ ಅಡುಗೆ ಆಗಲಿಲ್ಲ. ಇನ್ನೊಂದು ಕಡೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹುಡುಗಿಯರಿಗೆ ಕಾಲೇಜಿಗೆ ಬರುವ ಬಸ್ ಖರ್ಚು ಇಲ್ಲವಾಯಿತು. ‘ಆನ್‌ಲೈನ್ ಆದರೆ ಓಡಾಟದ ಖರ್ಚು ಉಳಿಯುತ್ತದೆ’ ಎಂಬ ಹಳೆಯ ಮಾತು ಅವರ ಮಟ್ಟಿಗೆ ಅರ್ಧ ಬಿದ್ದುಹೋಯಿತು. ಖರ್ಚಿಲ್ಲದೆ ಕಾಲೇಜಿಗೇ ಬಂದು ಗೆಳತಿಯರ ಜೊತೆ ಕೂರಬಹುದಾದಾಗ ಮನೆಯಲ್ಲಿ ಒಬ್ಬಳೇ ವಿಡಿಯೋ ನೋಡಲು ಬೇರೆಯೇ ಕಾರಣ ಬೇಕು.

ಆ ಕಾರಣ ಎಲ್ಲಿಂದ ಬರಬೇಕು? ನಮ್ಮ ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಕಿವಿಗೊಡು ಎಂಬ ಅರ್ಥವೂ ಇದೆ, ಪ್ರಶ್ನಿಸು ಎಂಬ ಅರ್ಥವೂ ಇದೆ. ಕಾಲೇಜಿನ ಆನ್‌ಲೈನ್ ಪಾಠದಲ್ಲಿ ವಿದ್ಯಾರ್ಥಿ ಕಿವಿಗೊಡಲು ಬೇಕಾದಷ್ಟು ಏರ್ಪಾಡಿದೆ. ಆದರೆ ‘ಯಾಕವಾ, ಎರಡು ವಾರದಿಂದ ಕಾಣವಲ್ಲಿ?’ ಅಂತ ಅವಳನ್ನು ಕೇಳುವವರಿಲ್ಲ. ಅವಳು ತಿಳಿಯಲಿಲ್ಲ ಅಂದರೆ ಅದನ್ನು ಕೇಳುವವರೂ ಇಲ್ಲ. ಡಿಸ್ಕಷನ್ ಫೋರಂನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದು, ದೇಶವೆಲ್ಲ ನೋಡುವ ಹಾಗೆ ಇಡುವ ಧೈರ್ಯ ಎಷ್ಟು ಮಂದಿಗೆ? ಸಪ್ತಾಪುರದ ರೀಡಿಂಗ್ ರೂಮಿನ ಹುಡುಗ ದುಡ್ಡು ಕೊಡುವುದು ಕುರ್ಚಿಗಲ್ಲ. ಇಂದು ಬರಲಿಲ್ಲ ಅಂದರೆ ಬಾಜೂದವನು ಸಂಜೆ ಚಹಾದ ಅಂಗಡಿಯಲ್ಲಿ ‘ಎಲ್ಲಿ ಹೋಗಿದ್ದೆಪಾ?’ ಅಂತ ಕೇಳುತ್ತಾನೆ, ಅದಕ್ಕೆ.

ಎನ್‌ಪಿಟೆಲ್‌ಗೆ ಇದು ಅರ್ಥವಾಗಿದೆ ಅಂತ ಕಾಣುತ್ತದೆ. ಕಾಲೇಜುಗಳಲ್ಲಿ ಲೋಕಲ್ ಚಾಪ್ಟರ್ ಅಂತ ಮಾಡಿ, ಒಬ್ಬ ಅಧ್ಯಾಪಕರನ್ನು ಅದಕ್ಕೆ ನೇಮಿಸಿ, ವಿಷಯವಾರು ಮೆಂಟರ್‌ಗಳನ್ನು ಇಡುವ ಪದ್ಧತಿ ತಂದಿದೆ. ಯಾರು ಅಸೈನ್‌ಮೆಂಟ್ ಹಾಕಿಲ್ಲ ಎಂಬ ಪಟ್ಟಿ ಕೈಗೆ ಸಿಕ್ಕರೆ ಅಧ್ಯಾಪಕರು ಕಾರಿಡಾರಿನಲ್ಲಿ ಹಿಡಿದು ಕೇಳಬಹುದು. ಒಂದು ನಿಮಿಷದ ಕೆಲಸ. ಯಾವ ಆ್ಯಪ್‌ನ ನೋಟಿಫಿಕೇಷನ್ನೂ ಇದಕ್ಕೆ ಸಮವಲ್ಲ, ಯಾಕೆಂದರೆ ನೋಟಿಫಿಕೇಷನ್‌ಗೆ ‘ಅಜ್ಜಿಗೆ ಆರಾಮ ಇರಲಿಲ್ರಿ ಸರ್’ ಅಂತ ಹೇಳಲು ಬರುವುದಿಲ್ಲ.

ಕಗ್ಗಂಟು ಇರುವುದು ಪದವಿ ಕಾಲೇಜುಗಳಲ್ಲಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುವುದೇ ಬಹುಪಾಲು ಅತಿಥಿ ಉಪನ್ಯಾಸಕರ ಬಲದ ಮೇಲೆ. ವಾರಕ್ಕಿಷ್ಟು ತಾಸು ಅಂತ ಅವರ ಕೆಲಸದ ಲೆಕ್ಕ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೋ ಇಲ್ಲವೋ ಎಂಬ ಚಿಂತೆ ಬೇರೆ. ಯಾರೋ ಪ್ರೊಫೆಸರ್ ಮಾಡಿದ ಆನ್‌ಲೈನ್ ಕೋರ್ಸಿನಲ್ಲಿ ತಮ್ಮ ನಲವತ್ತು ವಿದ್ಯಾರ್ಥಿಗಳು ಎಲ್ಲಿದ್ದಾರೆ ಅಂತ ವಾರವಾರ ನೋಡುವ ಗಂಟೆ ಅವರ ವರ್ಕ್‌ಲೋಡ್‌ಗೆ ಸೇರದಿದ್ದರೆ ಅವರು ಯಾಕೆ ನೋಡಬೇಕು? ಆನ್‌ಲೈನ್ ಬಂದರೆ ಮೇಷ್ಟ್ರ ಖರ್ಚು ಉಳಿಯುತ್ತದೆ ಎಂಬ ಲೆಕ್ಕಾಚಾರದವರು ಇಲ್ಲೇ ಎಡವುತ್ತಾರೆ. ಪಾಠ ಹೇಳುವ ಹೊತ್ತು ಉಳಿಯಬಹುದು, ಆದರೆ ಕೇಳುವ ಹೊತ್ತಿಗೆ ದುಡ್ಡು ಬೇಕೇ ಬೇಕು.

ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಎರಡು ತಾಸು ಇದಕ್ಕೇ ಇಟ್ಟರೆ ಏನಾಗುತ್ತದೆ ಅಂತ ಯಾವುದಾದರೂ ಕಾಲೇಜು ಒಂದು ವರ್ಷ ಮಾಡಿ ನೋಡಬಹುದು. ಲೈಬ್ರರಿಯಲ್ಲೋ ಕಂಪ್ಯೂಟರ್ ಲ್ಯಾಬ್‌ನಲ್ಲೋ ಒಂದೇ ಕೋರ್ಸಿನವರು ಒಟ್ಟಿಗೆ ಕೂರಲಿ. ಆನ್‌ಲೈನ್ ಪಾಠಕ್ಕೆ ಒಂದು ಕೋಣೆ ಬೇಕು ಅಂದರೆ ಕೇಳಿದವರು ನಗುತ್ತಾರೆ. ಆದರೆ ಸಪ್ತಾಪುರದಲ್ಲಿ ಆ ಕೋಣೆಗೆ ಹುಡುಗರು ತಮ್ಮ ಜೇಬಿನಿಂದ ದುಡ್ಡು ಕೊಡುತ್ತಿದ್ದಾರೆ.

ಪರಿಚಯದ ಒಬ್ಬ ಹುಡುಗಿ, ನರಗುಂದ ಕಡೆಯವಳು, ಎರಡು ಸಲ ಅರ್ಧಕ್ಕೆ ಬಿಟ್ಟ ಮೇಲೆ ಮೂರನೇ ಸಲ 12 ವಾರದ ಕೋರ್ಸು ಮುಗಿಸಿದಳು. ಏನು ಬದಲಾಯಿತು ಅಂತ ಕೇಳಿದೆ. ಹೊಸ ಫೋನು, ಹೊಸ ಆ್ಯಪ್, ಏನೂ ಇಲ್ಲ. ಹಾಸ್ಟೆಲಿನ ರೂಮ್‌ಮೇಟ್ ಕೂಡ ಅದೇ ಕೋರ್ಸಿಗೆ ಹೆಸರು ಬರೆಸಿದ್ದಳಂತೆ. “ಬುಧವಾರ ಬಂತಂದ್ರ ಇಬ್ಬರಿಗೂ ಜಗಳ್ರಿ. ಆಕಿ ಉತ್ತರ ನಾ ಒಪ್ಪಂಗಿಲ್ಲ, ನನ್ನ ಉತ್ತರ ಆಕಿ ಒಪ್ಪಂಗಿಲ್ಲ. ಜಗಳಾ ಗೆಲ್ಲಾಕಂತನ ವಿಡಿಯೋ ಎರಡೆರಡು ಸಲ ನೋಡತಿದ್ವಿ.” ಪರೀಕ್ಷೆಯಲ್ಲಿ ಯಾರಿಗೆ ಜಾಸ್ತಿ ಬಂತು ಅಂದೆ. ಆಕೆಗೇ ಎರಡು ಅಂಕ ಜಾಸ್ತಿ ಅಂದಳು, ಇನ್ನೂ ಸಿಟ್ಟು ಇಳಿದಿರಲಿಲ್ಲ. ಮುಂದಿನ ಜನವರಿಗೆ ಇಬ್ಬರೂ ಇನ್ನೊಂದಕ್ಕೆ ಹೆಸರು ಬರೆಸಿದ್ದಾರೆ.